ಮಾವ, ಮಿಸ್ತ್ರಿ ಮತ್ತು ಟ್ಯಾಪೆಟ್ಟಿನ ಸದ್ದು

ನಮ್ಮ ಸೋದರಮಾವನಿಂದ ಬೈಸಿಕೊಳ್ಳದ ಮೋಟಾರು ಮಿಸ್ತ್ರಿ ಜಮಖಂಡಿ, ಮುಧೋಳ, ಬೀಳಗಿ ಈ ಮೂರು ತಾಲೂಕುಗಳಲ್ಲಿ ಒಬ್ಬನೂ ಇರಲಿಲ್ಲ. ಇದ್ದಿದ್ದರೆ ಅವನು ಆ ವಾರವಷ್ಟೇ ಗ್ಯಾರೇಜು ತೆರೆದಿರಬೇಕು. ಇಲ್ಲವೆ ಮಾವನ ಕಾರು ತಿರುವಿನಲ್ಲಿ ಕಂಡ ಕೂಡಲೇ ಹಿಂದಿನ ಬಾಗಿಲಿನಿಂದ ಜಿಗಿದು ಊಟಕ್ಕೆ ಹೋಗಿರಬೇಕು. ಬೆಳಗಿನ ಒಂಬತ್ತು ಗಂಟೆಗೆ ಊಟಕ್ಕೆ ಹೋದ ಮಿಸ್ತ್ರಿಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ!

ಹಾಗಂತ ಮಾವ ಜಗಳಗಂಟನೇನಲ್ಲ. ಬನಹಟ್ಟಿಯಲ್ಲಿ ಅವನದು ನೂಲಿನ ವ್ಯಾಪಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಪಾವರ್‌ಲೂಮ್ ಮಗ್ಗಗಳು. ಹಣೆಯ ತುಂಬ ವಿಭೂತಿ, ಬಿಳಿ ಧೋತರ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ನೇಕಾರರಿಗಾಗಲಿ, ಗಿರಾಕಿಗಳಿಗಾಗಲಿ, ಹೇಳದೆ ಕೇಳದೆ ಬಂದು ಹದಿನೈದು ದಿನ ಉಳಿಯುವ ಬೀಗರಿಗಾಗಲಿ ಒಂದು ಗಡಸು ಮಾತು ಆಡಿದವನಲ್ಲ. ಸಿಟ್ಟನ್ನೆಲ್ಲ ವಾರವಿಡೀ ಕೂಡಿಟ್ಟು ರವಿವಾರ ಮಿಸ್ತ್ರಿಗಳಿಗೆ ಒಯ್ದು ಕೊಡುತ್ತಿದ್ದ. ನಾನು ಆಗ ಜಮಖಂಡಿಯ ನೀರಾವರಿ ಕಚೇರಿಯಲ್ಲಿ ಟೈಪಿಸ್ಟ್. ರವಿವಾರ ನನಗೂ ರಜೆ. ಹೀಗಾಗಿ ಆ ದಾನಕ್ಕೆ ಸಾಕ್ಷಿಯಾಗಿ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು.

ಎಲ್ಲಕ್ಕೂ ಕಾರಣ ಆ ಕಾರು. ನೂಲು ತರಲೆಂದು ಇಚಲಕರಂಜಿಗೆ ಹೋದ ಮಾವ ಅಲ್ಲಿಂದ ಕೊಲ್ಲಾಪುರಕ್ಕೆ ಯಾಕೆ ಹೋದನೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಯಾರೋ ಇನಾಮದಾರರ ಹಿತ್ತಲಿನಲ್ಲಿ, ಜೋಳದ ಕಣಕಿ ಬಣವೆಯ ಮಗ್ಗುಲಲ್ಲಿ, ಇದು ನಿಂತಿತ್ತಂತೆ. ಇಂಗ್ಲೆಂಡಿನಲ್ಲಿ ಓಟದ ಪಂದ್ಯಕ್ಕೆಂದು ಕಟ್ಟಿದ ಕಾರು. ಎರಡೇ ಬಾಗಿಲು, ಎರಡೇ ಸೀಟು, ಕುಂಕುಮದ ಬಣ್ಣ. ಎಷ್ಟು ತಗ್ಗು ಎಂದರೆ ಒಳಗೆ ಕೂತವನ ಕುಂಡಿಗೂ ಡಾಂಬರಿಗೂ ಗೇಣು ಅಂತರ. ಮಾವ ನೂಲು ಬಿಟ್ಟು ಕಾರು ತಂದ. ಅತ್ತಿ ಬಾಗಿಲಲ್ಲಿ ನಿಂತು ಅದನ್ನು ಎರಡು ಸುತ್ತು ನೋಡಿ ಕೇಳಿದ್ದು ಒಂದೇ ಮಾತು:

"ಇದರಾಗ ಕುಂದರೂದೋ ಮಲಗೂದೋ?"

ಗಂಟೆಗೆ ನೂರು ಮೈಲು ಓಡಬಲ್ಲ ಕಾರು! ಆದರೆ ಎಲ್ಲಿ ಓಡಬೇಕು? ಜಮಖಂಡಿಯಿಂದ ಮುಧೋಳದವರೆಗೆ ಕಬ್ಬಿನ ಚಕ್ಕಡಿಗಳ ಸಾಲು. ಅವುಗಳ ಹಿಂದೆ ಎತ್ತಿನ ಬಾಲ ನೋಡುತ್ತ, ಗುರ್ ಗುರ್ ಎನ್ನುತ್ತ, ನಾವು ಒಂದೂವರೆ ತಾಸಿನಲ್ಲಿ ಮುಧೋಳ ಮುಟ್ಟುತ್ತಿದ್ದೆವು. ಹೋಗುವಾಗ ಆಡಿನ ಹಿಂಡು ಅಡ್ಡ ಬಂದರೆ ಆಡಿನ ಮುಖವೂ ಮಾವನ ಮುಖವೂ ಸರಿಸಮ ಎತ್ತರಕ್ಕೆ ಬಂದು ಒಂದನ್ನೊಂದು ನೋಡಿಕೊಳ್ಳುತ್ತಿದ್ದವು. ನಾನು ನಕ್ಕರೆ ಮಾವ ಹೇಳುತ್ತಿದ್ದ: "ಓಡೂದು ಯಾವ ದೊಡ್ಡ ಮಾತು ಬಿಡೋ ಅಳಿಯಾ. ಗಾಡಿ ನುಡೀಬೇಕು."

ನುಡಿಸುವುದಕ್ಕೇ ಅವನಿಗೆ ಮಿಸ್ತ್ರಿಗಳು ಬೇಕಾಗಿದ್ದರು.

ಇಲ್ಲಿ ಮಾವನ ಕಿವಿಯ ಬಗ್ಗೆ ಹೇಳಬೇಕು. ಎಂಟು ಮಗ್ಗ ಒಟ್ಟಿಗೆ ಹೊಡೆಯುವ ಮನೆಗೆ ನೀವು ಹೋಗಿದ್ದೀರಾ? ಹೋದವರಿಗೆ ತಮ್ಮ ಮಾತೇ ತಮಗೆ ಕೇಳುವುದಿಲ್ಲ. ಆ ಗದ್ದಲದ ನಡುವೆ ಮಾವ ರೊಟ್ಟಿ ಮುರಿಯುತ್ತ ಕೂತವನು ತುತ್ತು ಅರ್ಧಕ್ಕೇ ನಿಲ್ಲಿಸಿ, "ಮೂರನೇ ಮಗ್ಗ ನೋಡ್ರಿ, ಎಳಿ ಹರದೈತಿ" ಎನ್ನುತ್ತಿದ್ದ. ಹೋಗಿ ನೋಡಿದರೆ ಹರಿದೇ ಇರುತ್ತಿತ್ತು. ಹೀಗೆ ಒಂದು ಎಳೆ ಹರಿದದ್ದನ್ನು ಕೇಳಬಲ್ಲ ಮನುಷ್ಯನ ಕೈಗೆ ಎರಡು ಕಾರ್ಬೊರೇಟರಿನ ಕಾರು ಸಿಕ್ಕರೆ ಮಿಸ್ತ್ರಿಗಳ ಗತಿ ಏನಾಗಬೇಡ?

ಕಾರ್ಬೊರೇಟರ್ ಎಂದರೆ ಎಂಜಿನ್ನಿನ ಮೂಗು. ಈ ಕಾರಿಗೆ ಎರಡು. ಎರಡೂ ಸಮನಾಗಿ ಉಸಿರೆಳೆಯಬೇಕು. ಇನ್ನು ಎಂಜಿನ್ನಿನ ತಲೆಯ ಮೇಲೆ ಏರಿಳಿಯುವ ಎಂಟು ಸಣ್ಣ ತೋಳುಗಳಿವೆ. ಮಿಸ್ತ್ರಿಗಳು ಟ್ಯಾಪೆಟ್ ಅನ್ನುತ್ತಾರೆ. ಪ್ರತಿಯೊಂದರ ಕೆಳಗೂ ಕೂದಲಿನಷ್ಟು ಸಂದು ಬಿಡಬೇಕು. ಸಂದು ಹೆಚ್ಚಾದರೆ ಟಕಟಕ ಬಡಿದುಕೊಳ್ಳುತ್ತವೆ, ಗಾಡಿಯ ಕಸುವು ಇಳಿಯುತ್ತದೆ. ಬಿಗಿಯಾದರೆ ಸದ್ದು ಇರುವುದಿಲ್ಲ, ಆದರೆ ಒಳಗೆ ವಾಲ್ವು ಸುಟ್ಟುಹೋಗುತ್ತದೆ. ಇಷ್ಟು ತಿಳಿದರೆ ಮುಂದಿನದಕ್ಕೆ ಸಾಕು. ನನಗೂ ಇಷ್ಟೇ ಗೊತ್ತಿರುವುದು.

ಮೊದಲು ಜಮಖಂಡಿಯ ಮಿಸ್ತ್ರಿ. ಅರ್ಧ ದಿನ ಬೆವರು ಸುರಿಸಿ ಕೆಲಸ ಮಾಡಿದ ಪಾಪದವನನ್ನು ಮಾವ ಬಾನೆಟ್ಟಿನ ಮುಂದೆ ನಿಲ್ಲಿಸಿದ.

"ಕಣ್ಣ ಮುಚ್ಚು. ಏನ ಕೇಳತೈತಿ?"

"ಎಂಜಿನ್ ಕೇಳತೈತ್ರಿ ಸಾವಕಾರ್ರ."

"ಅದರಾಗ?"

"ಅದರಾಗ... ಅದರಾಗೂ ಎಂಜಿನ್ನ ಕೇಳತೈತ್ರಿ."

"ಎಡಗಡೆ ಕಾರ್ಬೊರೇಟರಿಗೆ ದಮ್ಮ ಹತ್ತೇತಲ್ಲೋ, ಕೇಳವಲ್ದನ?"

"ದಮ್ಮ ಇದ್ರ ದವಾಖಾನಿಗೆ ಒಯ್ಯಬೇಕಾಗಿತ್ರಿ. ನನ್ನ ಕಡಿ ಯಾಕ ತಂದ್ರಿ?"

ಆಮೇಲೆ ಬನಹಟ್ಟಿಯವನೇ ಒಬ್ಬ. ಅವನು ಜಾಣ. ಬಾನೆಟ್ ತೆರೆದಿಟ್ಟು, ಅದರ ನೆರಳಿನಲ್ಲಿ ಎರಡು ಸಲ ಚಹಾ ಕುಡಿದು, "ಪೂರಾ ಬಿಚ್ಚಿ ಹೊಂದಿಸೇನ್ರಿ" ಎಂದ. ಮಾವ ಮಾತಾಡದೆ ಬಗ್ಗಿ ಒಳಗಿನಿಂದ ಏನನ್ನೋ ಎರಡು ಬೆರಳಲ್ಲಿ ಹಿಡಿದು ಎತ್ತಿದ. ಮನೆಯಿಂದ ಹೊರಡುವ ಮೊದಲೇ ಎರಡೂ ಕಾರ್ಬೊರೇಟರಿನ ಸ್ಕ್ರೂಗಳಿಗೆ ಒಂದೊಂದು ಎಳೆ ನೂಲು ಸುತ್ತಿ ತಂದಿದ್ದ! ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು. "ಪೂರಾ ಬಿಚ್ಚಿದ್ಯಾ? ಹಂಗಾರ ಇದನ್ನ ಹೆಂಗ ಬಿಚ್ಚದ ಬಿಟ್ಟಿ?" ಎಂದ ಮಾವ. ಆ ಮಿಸ್ತ್ರಿ ಮುಂದೆ ಮಾವನ ಓಣಿಯಲ್ಲಿ ಹಾಯುವುದನ್ನೇ ಬಿಟ್ಟ.

ಬೀಳಗಿಯವನಿಗೆ ಪಂಪ್‌ಸೆಟ್ಟು, ಟ್ರ್ಯಾಕ್ಟರು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅದನ್ನು ಅವನು ಮೊದಲೇ ಹೇಳಿದ್ದ, ಮಾವನೇ ಕೇಳಲಿಲ್ಲ. ಅವನ ಕೈಯಿಂದ ಹೊರಬಂದ ಕಾರು ಭಡ್ ಭಡ್ ಭಡ್ ಎನ್ನುತ್ತ ನಾಲ್ಕು ಮೈಲು ಬಂದ ಮೇಲೆ ಮಾವ ಒಂದು ಹೊಲದ ಬದಿಗೆ ನಿಲ್ಲಿಸಿ, "ಅಳಿಯಾ, ಕೆಳಗಿಳದು ನೋಡು. ಎಲ್ಲ್ಯಾರ ನೀರ ಬೀಳಾಕತ್ತಾವೇನ?" ಎಂದ.

ಹೀಗೆ ಅಲೆದಲೆದು ಕೊನೆಗೆ ನಾವು ಮುಟ್ಟಿದ್ದು ಮುಧೋಳದ ದಸ್ತಗೀರ ಮಿಸ್ತ್ರಿಯ ತಗಡಿನ ಶೆಡ್ಡಿಗೆ. ತೆಳ್ಳಗೆ ಉದ್ದ ಮನುಷ್ಯ, ಮಾವನ ವಾರಿಗೆಯವನೇ. ಬಾಯಲ್ಲಿ ಸದಾ ತಂಬಾಕು. ಹಾಗಾಗಿ ಮಾತಿಗೆ ಜಾಗವಿರಲಿಲ್ಲ. ಮಾವ ತನ್ನ ಪುರಾಣವನ್ನೆಲ್ಲ ಹೇಳಿ ಮುಗಿಸಿದ. ದಸ್ತಗೀರ ಹೂಂ ಅನ್ನಲಿಲ್ಲ. ಎಂಜಿನ್ ಚಾಲೂ ಮಾಡಿ ಒಂದು ರಬ್ಬರ್ ನಳಿಗೆಯನ್ನು ಕಿವಿಗಿಟ್ಟುಕೊಂಡು ಈ ಕಾರ್ಬೊರೇಟರಿಗೊಮ್ಮೆ ಆ ಕಾರ್ಬೊರೇಟರಿಗೊಮ್ಮೆ ಹಿಡಿದ. ಹೊರಗೆ ಹೋಗಿ ಉಗುಳಿ ಬಂದ.

"ಎಡಗಡೇದಕ್ಕ ದಮ್ಮ ಐತ್ರಿ," ಎಂದ.

ಮಾವ ಅಲ್ಲೇ ಬಿದ್ದಿದ್ದ ಲಾರಿಯ ಟೈರಿನ ಮೇಲೆ ಕೂತುಬಿಟ್ಟ. ಇಷ್ಟು ವರ್ಷದಲ್ಲಿ ಒಬ್ಬನಾದರೂ ಅವನು ಕೇಳಿದ್ದನ್ನೇ ಕೇಳಿದ್ದ!

ಅಂದಿನಿಂದ ರವಿವಾರವೆಂದರೆ ಮುಧೋಳ. ಜಗಳ ನಿಂತಿತು ಅಂದುಕೊಂಡಿರಾ? ಎಲ್ಲಿಯ ಮಾತು! ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಬೇಕೋ ಅರೆಕಾಲೋ ಎಂಬುದಕ್ಕೆ ಒಪ್ಪೊತ್ತು ವಾದ. "ನಿನ್ನ ಕೈ ಭಾಳ ಒರಟ ಐತಿ" ಎಂದು ಮಾವ. "ನಿಮ್ಮ ಬಾಯಿಗಿಂತ ಛಲೋ ಐತ್ರಿ" ಎಂದು ದಸ್ತಗೀರ. ನಾನು ಟೈರಿನ ಮೇಲೆ ಕೂತು ಪೇಪರು ಓದುತ್ತಿದ್ದೆ. ಜಾಹೀರಾತುಗಳನ್ನೂ ಓದಿ ಮುಗಿಸಿದ ಮೇಲೆ ತಲೆ ಎತ್ತಿದರೆ ಬಾನೆಟ್ಟಿನೊಳಗೆ ಒಂದು ಬಿಳಿ ಟೊಪ್ಪಿಗೆ, ಒಂದು ಜಿಡ್ಡು ಹಿಡಿದ ಟೊಪ್ಪಿಗೆ, ಎರಡೂ ಒಂದಕ್ಕೊಂದು ತಾಗಿಕೊಂಡು ಇನ್ನೂ ಅಲ್ಲೇ ಇರುತ್ತಿದ್ದವು.

ಚಳಿಗಾಲದ ಒಂದು ಬೆಳಿಗ್ಗೆ ವಾದ ಮಾಡಲು ಒಂದು ಸ್ಕ್ರೂವೂ ಉಳಿಯದೆ ಇಬ್ಬರೂ ಒಟ್ಟಿಗೆ ಸುಮ್ಮನಾದರು. ಮಾವ ದಸ್ತಗೀರನ ಮುಖ ನೋಡಿದ. ದಸ್ತಗೀರ ಹೋಗಿ ಎಡಸೀಟಿನಲ್ಲಿ ಕೂತ. ಸೀಟಿಲ್ಲದೆ ಹಿಂದೆ ಡಿಕ್ಕಿಯ ಮೇಲೆ ಕೂತಿದ್ದ ನನ್ನನ್ನು ಊರ ಹೊರಗೆ ಲೋಕಾಪುರದ ರಸ್ತೆಯಲ್ಲಿ ಇಳಿಸಿ, ಕಾರು ಮಂಜಿನೊಳಗೆ ಹೋಯಿತು. ತುಸು ಹೊತ್ತಿಗೆ ಅದು ಮರಳಿ ಬರುವ ಸದ್ದು ಕೇಳಿತು. ಹೊಸ ಮಲಮಲ್ ಬಟ್ಟೆಯನ್ನು ಯಾರೋ ಒಂದೇ ಉಸಿರಿಗೆ ಉದ್ದಕ್ಕೂ ಹರಿಯುತ್ತ ಬಂದಂತೆ. ಎಲ್ಲೂ ತಡವರಿಕೆಯಿಲ್ಲ, ಒಂದು ತೊಡಕಿಲ್ಲ. ನನ್ನ ಮುಂದಿನಿಂದ ಕುಂಕುಮದ ಗೆರೆಯೊಂದು ಹಾದುಹೋಯಿತು. ನಿಂತ ಮೇಲೆ ನೋಡಿದರೆ ಇಬ್ಬರು ಮುದುಕರ ಕಣ್ಣಲ್ಲೂ ನೀರು. ಚಳಿಗಾಳಿಗೆ ಇದ್ದೀತು. ಮಾವ ಬಹಳ ಹೊತ್ತು ಎಂಜಿನ್ ಬಂದ್ ಮಾಡಲಿಲ್ಲ.

ಅಂಥ ಬೆಳಗು ಮತ್ತೆ ಬರಲಿಲ್ಲ.

ಎರಡು ವರ್ಷ ಕಳೆದಿರಬಹುದು. ಒಂದು ರವಿವಾರ ಮಾವ ಶೆಡ್ಡಿಗೆ ಬಂದವನೇ, "ಟ್ಯಾಪೆಟ್ ಬಿಗಿ ಆಗ್ಯಾವ. ಸದ್ದ ಬರವಲ್ದು" ಎಂದ. ದಸ್ತಗೀರ ಕಿವಿಗೊಟ್ಟು ಕೇಳಿ, "ಸರಿ ಅದಾವಲ್ರಿ" ಎಂದ. "ಇಲ್ಲ. ಒಂಚೂರ ಸಡಲ ಮಾಡು." ಮಾಡಿದ. ಮುಂದಿನ ತಿಂಗಳು ಮತ್ತೆ ಅದೇ ಮಾತು. "ಇನ್ನೊಂಚೂರ." ಹೀಗೆ ಸಡಿಲ ಮಾಡಿಸುತ್ತ ಮಾಡಿಸುತ್ತ, ಮಲಮಲ್ ಹರಿದಂತೆ ಹೋಗುತ್ತಿದ್ದ ಕಾರು ಟಕಟಕ ಟಕಟಕ ಎಂದು ಬಡಿದುಕೊಳ್ಳತೊಡಗಿತು. ಕಾರು ರಬಕವಿಯಲ್ಲಿದ್ದಾಗಲೇ ಬನಹಟ್ಟಿಯ ಜನ, "ಸಾವಕಾರ್ರ ಒಂಬತ್ತನೇ ಮಗ್ಗ ಬಂತು ನೋಡ್ರಿ" ಎನ್ನುತ್ತಿದ್ದರು. ಊರಿಗೆಲ್ಲ ನಗು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮಾವ ಮಾತ್ರ ತಲೆದೂಗುತ್ತ, "ಈಗ ಒಂದಿಷ್ಟ ಸರಿ ಆತು" ಎನ್ನುತ್ತಿದ್ದ.

ಕೊನೆಗೊಂದು ದಿನ ದಸ್ತಗೀರ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ. "ಇನ್ನ ಸಡಲ ಮಾಡಂಗಿಲ್ರಿ. ಗಾಡಿ ಕೆಡತೈತಿ. ಮುಧೋಳದ ದಸ್ತಗೀರ ಹಿಂಗ ಮಾಡ್ಯಾನಂತ ಮಂದಿ ಅಂತಾರ."

ಮಾವನ ಮುಖ ಕೆಂಪಾಯಿತು. "ನಿನ್ನ ಕಿವಿ ಹೊಂಟಾವ ದಸ್ತಗೀರ. ಇಷ್ಟ ಬಿಗಿ ಇದ್ದದ್ದು ನಿನಗ ಕೇಳವಲ್ದು. ಇನ್ನ ಈ ಕೆಲಸ ಬಿಟ್ಟ ಮನ್ಯಾಗ ಕುಂಡ್ರು."

ಶೆಡ್ಡಿನಲ್ಲಿ ಬೇರೆ ಗಿರಾಕಿಗಳಿದ್ದರು. ದಸ್ತಗೀರ ಬಾನೆಟ್ ಮುಚ್ಚಿ, ಬಟ್ಟೆಯಿಂದ ಅದರ ಮೇಲಿನ ತನ್ನ ಕೈಗುರುತು ಒರೆಸಿ, ಬೇರೆ ಲಾರಿಯ ಕೆಳಗೆ ಹೋಗಿ ಮಲಗಿದ.

ಮಾವ ಹಳೆಯ ಮಿಸ್ತ್ರಿಗಳ ಹತ್ತಿರ ಹೋದ. ಅವರಿಗೇನು? ಸಡಿಲ ಎಂದರೆ ಸಡಿಲ. ಕಾರು ಹಿಪ್ಪರಗಿಯ ಏರಿನಲ್ಲಿ ಏದುಸಿರು ಬಿಡತೊಡಗಿತು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋದಾಗ ಅದರ ಮೇಲಿದ್ದ ಆಳುಗಳು ನಮಗೆ ಕೈ ಬೀಸಿದರು. ಮಾವನೂ ಕೈ ಬೀಸಿದ.

ಅದಾದ ಕೆಲವು ದಿನಕ್ಕೆ ದಸ್ತಗೀರ ಮುಧೋಳದಿಂದ ಬಸ್ಸು ಹತ್ತಿ ನನ್ನ ಕಚೇರಿಗೆ ಬಂದ. ಒಗೆದ ಅಂಗಿ ಹಾಕಿದ್ದ. ಬಾಯಲ್ಲಿ ತಂಬಾಕು ಇರಲಿಲ್ಲ. ನಾನು ಗುರುತು ಹಿಡಿಯಲು ತುಸು ತಡವಾಯಿತು.

"ಸಾಹೇಬ್ರ, ಒಂದ ಮಾತ ಹೇಳಾಕ ಬಂದೀನ್ರಿ. ಗಾಡಿಗೆ ಏನೂ ಆಗಿಲ್ಲ. ಸಾವಕಾರ್ರ ಕಿವಿ ಹೊಂಟಾವ್ರಿ."

"ಛೇ, ಅವರ ಕಿವೀನ? ಒಂದ ಎಳಿ ಹರದ್ರ ಕೇಳತಾವ."

"ಯಾವಾಗ ಕೇಳಿದ್ರು? ಈಗೀಗ ಕೇಳ್ಯಾರೇನ್ರಿ?"

ನಾನು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

"ಬಾಯಿ ನೋಡಿ ಮಾತ ತಿಳಕೋತಾರ್ರಿ ಅವರು," ಎಂದ ದಸ್ತಗೀರ. "ನಾ ತಂಬಾಕ ಹಾಕ್ಕೊಂಡ ಮಾತಾಡಿದ್ರ ಏನೂ ತಿಳಿಯೂದಿಲ್ಲ. ಅದಕ್ಕ ಮತ್ತಷ್ಟ ಸಿಟ್ಟಿಗೇಳತಾರ." ಇಷ್ಟು ಹೇಳಿ, ಚಹಾ ತರಿಸುತ್ತೇನೆಂದರೂ ನಿಲ್ಲದೆ ಹೊರಟುಹೋದ.

ಅಂದು ಸಂಜೆ ಬನಹಟ್ಟಿಗೆ ಹೋದೆ. ಮಾವ ಮಗ್ಗದ ಶೆಡ್ಡಿನಲ್ಲಿದ್ದ. ಅಡುಗೆಮನೆಯಲ್ಲಿ ಅತ್ತಿಯ ಮುಂದೆ ವಿಷಯ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಎರಡ ವರ್ಷ ಆತಪ್ಪಾ. ಹಿಂದಿನಿಂದ ಕರದ್ರ ತಿರಗೂದಿಲ್ಲ. ಮುಂದ ಹೋಗಿ ನಿಂತ ಮಾತಾಡತೇನಿ. ಈ ಊರಾಗ ಎಲ್ಲಾರೂ ಒದರೇ ಮಾತಾಡತಾರ, ಅದಕ್ಕ ಯಾರಿಗೂ ಗೊತ್ತಾಗಿಲ್ಲ."

"ಅವರಿಗೆ ಹೇಳೀರೇನು?"

"ನೀ ಹೇಳತೀಯೇನು?"

ನಾನು ಹೇಳಲಿಲ್ಲ. ಮುಂದಿನ ರವಿವಾರ ಹೇಳೋಣ ಎಂದುಕೊಂಡೆ. ರವಿವಾರ ಬಂತು, ಹೋಯಿತು, ಮತ್ತೊಂದು ಬಂತು. ಕಿವುಡನಾದ ಮನುಷ್ಯನಿಗೆ ಕಿವುಡನೆಂದು ಹೇಳುವುದು ಹೇಗೆ? ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ಗಟ್ಟಿಯಾಗಿ ಹೇಳಿದರೆ ಓಣಿಗೆಲ್ಲ ಕೇಳುತ್ತದೆ! ಹೀಗೆ ನನಗೆ ನಾನೇ ಜೋಕು ಹೇಳಿಕೊಂಡು ದಿನ ತಳ್ಳಿದೆ. ತಳ್ಳಿದ್ದು ತಪ್ಪು.

ಹುನ್ನೂರ ದಾಟಿ ಬನಹಟ್ಟಿಯ ಕಡೆ ಬರುತ್ತಿದ್ದೆವು. ಮುಂದೆ ಒಂದು ಚಕ್ಕಡಿ. ಹಿಂದೆ ಅರಳೆ ತುಂಬಿದ ಲಾರಿ ಹಾರ್ನ್ ಹೊಡೆಯುತ್ತ ಬಂತು. ಒಂದಲ್ಲ ಎರಡಲ್ಲ, ಡ್ರೈವರ್ ಕೈ ತೆಗೆಯದೆ ಹೊಡೆಯುತ್ತಿದ್ದ. ಲಾರಿ ನಮ್ಮ ಬಲಕ್ಕೆ ಬಂದಾಗಲೇ ಮಾವ ಚಕ್ಕಡಿಯನ್ನು ದಾಟಲೆಂದು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ. "ಮಾವಾ! ಲಾರಿ ಬಂತ್ರಿ!" ಎಂದು ಕೂಗಿದೆ. ಅವನು ರಸ್ತೆ ನೋಡುತ್ತಿದ್ದ. ನನ್ನ ಬಾಯಿ ನೋಡಲಿಲ್ಲ. ನಾನು ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು ಎಡಕ್ಕೆ ಜಗ್ಗಿದೆ. ಕಾರು ಚಕ್ಕಡಿಯ ಹಿಂದಿನಿಂದಲೇ ರಸ್ತೆ ಬಿಟ್ಟು ಇಳಿದು, ಕಬ್ಬಿನೊಳಗೆ ನುಗ್ಗಿ, ಕಾಲುವೆಯ ಒಡ್ಡಿಗೆ ಮೂತಿ ಬಡಿದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಮಾವನ ಟೊಪ್ಪಿಗೆ ಬಿದ್ದಿತ್ತು, ಅಷ್ಟೆ. ಲಾರಿಯ ಡ್ರೈವರ್ ನಿಲ್ಲಿಸಿ, ಇಳಿದು ಓಡಿ ಬಂದ.

"ಕಿವಿ ಇಲ್ಲೇನ್ಲೇ ಮುದಕಾ ನಿನಗ?"

ಮಾವ ಅವನ ತುಟಿಗಳನ್ನು ನೋಡಿದ. ನೋಡಿ, ಎರಡೂ ಕೈ ಜೋಡಿಸಿ ಹೇಳಿದ: "ಇಲ್ಲಪ್ಪಾ. ಇಲ್ಲ."

ಡ್ರೈವರ್ ಕೆಳಗೆ ಬಿದ್ದ ಟೊಪ್ಪಿಗೆ ಎತ್ತಿ, ಮಣ್ಣು ಝಾಡಿಸಿ ಕೈಗೆ ಕೊಟ್ಟು ಹೋದ.

ನಾವಿಬ್ಬರೂ ಒಡ್ಡಿನ ಮೇಲೆ ಕೂತೆವು. ಮಾವ ಮಾತಾಡಿದ. ತನ್ನ ದನಿ ತನಗೆ ಕೇಳದವರು ಮಾತಾಡುವಂತೆ, ಇಡೀ ಕಬ್ಬಿನ ಹೊಲಕ್ಕೆ ಕೇಳುವಷ್ಟು ಗಟ್ಟಿಯಾಗಿ.

"ಮೊದಲ ಮಗ್ಗದಾಗ ಎಳಿ ಹರದದ್ದ ಕೇಳದಂಗಾತು. ಆಮ್ಯಾಲ ನಿಮ್ಮತ್ತಿ ಮಾತು. ಕಡೀಕ ಈ ಗಾಡಿ ಒಂದ ಉಳದಿತ್ತು. ಇದರ ಕೇಳಲಿ ಅಂತ ಸಡಲ ಮಾಡಸ್ಕೋತ ಹೋದೆ. ಗಾಡಿ ಕೆಡತೈತಿ ಅಂತ ನನಗ ಗೊತ್ತಿರಲಿಲ್ಲೇನು?" ಕೈಯಲ್ಲಿದ್ದ ಟೊಪ್ಪಿಗೆಯನ್ನು ತಲೆಗಿಟ್ಟುಕೊಂಡು, "ನಾಕ ಮಂದ್ಯಾಗ ದಸ್ತಗೀರಗ ಹಂಗ ಅನ್ನಬಾರದಾಗಿತ್ತು" ಎಂದ.

ಅವನನ್ನು ಮಿರಜಕ್ಕೆ ಕರೆದುಕೊಂಡು ಹೋದೆ. ಮಗ್ಗದ ಸದ್ದು ಮೂವತ್ತು ವರ್ಷ ಕಿವಿಯ ನರ ತಿಂದಿದೆ, ಇದಕ್ಕೆ ಔಷಧವಿಲ್ಲ ಎಂದರು ಡಾಕ್ಟರು. ಕಿಸೆಯಲ್ಲಿಟ್ಟುಕೊಳ್ಳುವ ಒಂದು ಯಂತ್ರ ಕೊಟ್ಟರು. ಮಾವ ಅದನ್ನು ಹಾಕಿಕೊಂಡು ಒಂದು ದಿನ ಮಗ್ಗದ ಶೆಡ್ಡಿನಲ್ಲಿ ನಿಂತ. "ತಗಡಿನ ಮ್ಯಾಲ ಆಣೆಕಲ್ಲ ಬಿದ್ದಂಗ ಆಕ್ಕೈತಿ. ಎಳಿ ಇಲ್ಲ, ಏನಿಲ್ಲ" ಎಂದು ತೆಗೆದು ಗೂಡಿನಲ್ಲಿಟ್ಟ. ಮತ್ತೆ ಮುಟ್ಟಲಿಲ್ಲ. ಕಾರಿನ ಕೀಲಿಯನ್ನು ಯಾರೂ ಕೇಳುವ ಮೊದಲೇ ತಂದು ನನ್ನ ಕೈಗಿಟ್ಟ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮುಧೋಳಕ್ಕೆ ಕಳಿಸಿದೆವು. ದಸ್ತಗೀರ ಅದನ್ನು ಇಳಿಸಿಕೊಂಡ. ತಿಂಗಳ ಮೇಲೆ "ಆಗೇತಿ, ಸಾವಕಾರ್ರನ್ನ ಕರಕೊಂಡ ಬರ್ರಿ" ಎಂದು ಹೇಳಿಕಳಿಸಿದ. ಮಾವ ಬರಲೊಲ್ಲೆ ಎಂದ. ಅತ್ತಿ ಅವನ ಎದುರಿಗೆ ಹೋಗಿ ನಿಂತು ಅದೇನು ಹೇಳಿದಳೋ, ಟೊಪ್ಪಿಗೆ ಹಾಕಿಕೊಂಡು ಹೊರಟ.

ಶೆಡ್ಡು ಮುಟ್ಟಿದಾಗ ದಸ್ತಗೀರ ನನ್ನನ್ನು ಪಕ್ಕಕ್ಕೆ ಕರೆದ.

"ಸಾಹೇಬ್ರ, ಎಂಟರಾಗ ಏಳ ಸರಿ ಇಟ್ಟೇನ್ರಿ. ಆರನೇದ ಒಂಚೂರ ಬಿಗಿ ಬಿಟ್ಟೇನಿ. ಬೇಕಂತನ. ಸಾವಕಾರ್ರಿಗೆ ಹೇಳಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ. ದಸ್ತಗೀರ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು ಚಾಲೂ ಮಾಡಿದ. ಎಂಟು ತೋಳುಗಳು ಎಣ್ಣೆಯಲ್ಲಿ ಮಿಂಚುತ್ತ ಏರಿಳಿಯತೊಡಗಿದವು. ಮಾವ ದೂರದಲ್ಲೇ ನಿಂತಿದ್ದ, ಪರರ ಮನೆಗೆ ಬಂದವನಂತೆ. ದಸ್ತಗೀರ ಹೋಗಿ ಅವನ ತೋಳು ಹಿಡಿದು ಕರೆತಂದ. ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಮೊದಲನೆಯ ಟ್ಯಾಪೆಟ್ಟಿನ ಮೇಲಿಟ್ಟು, ಕಟ್ಟಿಗೆಯ ಹಿಡಿಯನ್ನು ಮಾವನ ಬಾಯಿಯ ಹತ್ತಿರ ತಂದ. ತನ್ನ ಹಲ್ಲು ಕಚ್ಚಿ ತೋರಿಸಿದ: ಹೀಗೆ ಕಚ್ಚಿ ಹಿಡಿಯಿರಿ.

ಮಾವ ಕಚ್ಚಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟ್ಯಾಪೆಟ್ಟಿನ ಬಡಿತ ಹಲ್ಲಿನಿಂದ ತಲೆಗೇರಿತೇನೋ, ಅವನ ಹುಬ್ಬು ಮೇಲೇರಿತು. ಕಣ್ಣು ಮುಚ್ಚಿದ. ಕೈಯನ್ನು ದಸ್ತಗೀರನ ಭುಜದ ಮೇಲೆ ಊರಿಕೊಂಡ.

ಎರಡನೆಯದು. ಮೂರು. ನಾಲ್ಕು. ಐದು. ಆರಕ್ಕೆ ಬಂದ. ತುಸು ನಿಂತ. ಮುಂದೆ ಹೋದ! ಏಳು. ಎಂಟು. ದಸ್ತಗೀರ ನೆಲ ನೋಡುತ್ತಿದ್ದ. ಎಂಟರ ಮೇಲಿಂದ ಮಾವ ಸ್ಕ್ರೂಡ್ರೈವರನ್ನು ಎತ್ತಿ, ಮೆಲ್ಲಗೆ, ಮರಳಿ ಆರರ ಮೇಲೆ ತಂದಿಟ್ಟ. ಬಾಯಿಂದ ಹಿಡಿ ತೆಗೆದು, ಬೆರಳಿನಿಂದ ತೋರಿಸಿ, ಇಡೀ ಮುಧೋಳಕ್ಕೆ ಕೇಳುವಂತೆ ಕೂಗಿದ:

"ಇದು ಬಿಗಿ ಐತಲ್ಲೋ ದಸ್ತಗೀರ! ವಯಸ್ಸಾತು ನಿನಗ!"

"ಹೌದ್ರಿ, ಆತ್ರಿ," ಎಂದ ದಸ್ತಗೀರ. ಪಾನಾ ತೆಗೆದುಕೊಂಡು ಬಗ್ಗಿದ. ಅವನು ಮುಖ ಮೇಲೆತ್ತಲು ಬಹಳ ಹೊತ್ತು ಹಿಡಿಯಿತು.

ತಿರುಗಿ ಬರುವಾಗ ಕಾರು ನಾನು ನಡೆಸಿದೆ. ಎತ್ತಿನ ಬಾಲ ನೋಡುತ್ತ ಬರುತ್ತಿದ್ದೆವು. ಮಾವ ಒಮ್ಮೆಲೇ ಹೇಳಿದ: "ದಸ್ತಗೀರ ಆರನೇದ ಬಿಗಿ ಬಿಡೂ ಮಿಸ್ತ್ರಿ ಏನ? ನನ್ನ ಸಲುವಾಗಿ ಬಿಟ್ಟಾನ. ನನಗ ತಿಳದೈತಿ ಅಂತ ಅವಂಗ ಹೇಳಬ್ಯಾಡ."

ಇಬ್ಬರೂ ಹೇಳಬೇಡ ಎಂದಿದ್ದರು. ನಾನು ಇಬ್ಬರಿಗೂ ಹೇಳಲಿಲ್ಲ. ಮುಂದೆ ಐದಾರು ವರ್ಷ, ನಾನು ಅವನನ್ನು ಮುಧೋಳಕ್ಕೆ ಒಯ್ದಾಗಲೆಲ್ಲ ಅದೇ ಆಟ. ಒಮ್ಮೆ ಎರಡನೆಯದು, ಒಮ್ಮೆ ಏಳನೆಯದು. ದಸ್ತಗೀರ ಒಂದನ್ನು ಬಿಗಿ ಬಿಡುವುದು, ಮಾವ ಕಚ್ಚಿ ಹುಡುಕುವುದು, ನಾಲ್ಕು ಮಂದಿಯ ಎದುರಿಗೆ ಬೈಯುವುದು, ದಸ್ತಗೀರ ಹೌದ್ರಿ ಎನ್ನುವುದು. ಮಾವ ಒಮ್ಮೆಯೂ ತಪ್ಪಲಿಲ್ಲ.

ಒಂದು ಮಳೆಗಾಲದಲ್ಲಿ ದಸ್ತಗೀರ ತೀರಿಕೊಂಡ. ಜ್ವರ ಬಂದದ್ದು ನಾಲ್ಕೇ ದಿನ. ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಶೆಡ್ಡಿನ ತಗಡಿನ ಬಾಗಿಲು ಮುಚ್ಚಿತ್ತು. ಮಾವ ಅದರ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು, ಬಂದು ಕಾರಿನಲ್ಲಿ ಕೂತ.

ಅದಾದ ಮೇಲೆ ಕಾರನ್ನು ಜಮಖಂಡಿಯಲ್ಲಿ ಒಬ್ಬ ಹೊಸ ಮಿಸ್ತ್ರಿಗೆ ಬಿಟ್ಟೆ. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದವನು, ನಿಜಕ್ಕೂ ಒಳ್ಳೆಯ ಕೆಲಸಗಾರ. ನಾನು ಹೇಳಿದಂತೆ ಮುಚ್ಚಳ ತೆಗೆದು ಎಂಜಿನ್ ಚಾಲೂ ಇಟ್ಟಿದ್ದ. ಮಾವ ಸ್ಕ್ರೂಡ್ರೈವರ್ ಕಚ್ಚಿ ಕಣ್ಣು ಮುಚ್ಚಿದ. ಒಂದರಿಂದ ಎಂಟರವರೆಗೆ ಹೋದ. ಎಂಟರಿಂದ ಒಂದಕ್ಕೆ ಬಂದ. ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದ. ಒಂದೊಂದರ ಮೇಲೂ ಹೆಚ್ಚು ಹೊತ್ತು ನಿಂತ, ಎಲ್ಲಾದರೂ ಇದ್ದೀತೇನೋ ಎಂಬಂತೆ.

"ಎಂಟೂ ಸರಿ ಅದಾವ," ಎಂದ ಕೊನೆಗೆ.

"ಅಳತಿ ಹಚ್ಚಿ ಮಾಡೇನ್ರಿ ಸಾವಕಾರ್ರ," ಎಂದು ಮಿಸ್ತ್ರಿ ಖುಷಿಯಿಂದ ನಕ್ಕ.

ಮಾವ ನನ್ನ ಕಡೆ ತಿರುಗಿದ. ಈ ಸಲ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನೇ ಅವನ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು.

"ಎಂಟೂ ಸರಿ ಅದಾವಲ್ಲೋ ಅಳಿಯಾ," ಎಂದು ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡ.